ಟಾಪಿನ ಸಮೇತ ತೆರೆಯುವ ಡೋರು

ಯಾಸ್ಮೀನ್ ಒಂದು ಕಡೆ ನೆಟ್ಟಗೆ ಕೂತಿದ್ದನ್ನು ಮನೆಯವರು ಯಾರೂ ನೋಡಿರಲಿಲ್ಲ. ಊಟಕ್ಕೆ ಕೂತರೆ ಮಧ್ಯೆ ಎರಡು ಸಲ ಏಳುವಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಅರ್ಧ ದಾರಿಗೆ ಎದ್ದು ಬಂದು ಬಾಗಿಲ ಹತ್ತಿರ ನಿಲ್ಲುವಳು. "ಇವಳ ಕಾಲಿಗೆ ಅಲ್ಲಾಹು ಸ್ಪ್ರಿಂಗ್ ಹಾಕಿ ಕಳಿಸಿದಾನೆ" ಎಂದು ಅವಳ ತಾಯಿ ಮೆಹರ್ ಬಾನು ಮರಳೂರಿನ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅವಳು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದ ಜಾಗ ಒಂದೇ ಒಂದಿತ್ತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಶಶಿರೇಖಾ ಎಂಬವರ ಡಿಟಿಪಿ ಅಂಗಡಿಯ ಎರಡನೇ ಕಂಪ್ಯೂಟರಿನ ಮುಂದೆ. ಪಿಯುಸಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಮದುವೆ ಕಾರ್ಡು, ಬಿಲ್ ಬುಕ್ಕು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇದೇ ಕೆಲಸ. ಕೈ ಚುರುಕು. ಬೇರೆಯವರು ಒಂದು ದಿನ ತೆಗೆದುಕೊಳ್ಳುವುದನ್ನು ಮಧ್ಯಾಹ್ನದೊಳಗೆ ಮುಗಿಸಿ, ಉಳಿದ ಹೊತ್ತು ಕಾರು ಓಡಿಸುತ್ತಿದ್ದಳು.

ಒಂದು ಕಂಪ್ಯೂಟರ್ ಮಾಸಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿ ಆ ಕಾರಿನ ಆಟ ಇತ್ತು. ಸುಮ್ಮನೆ ರೇಸು ಹೊಡೆಯುವ ಆಟವಲ್ಲ. ಕಾರಿನ ತೂಕ, ಟೈರಿನ ಗಾಳಿ, ಸ್ಪ್ರಿಂಗಿನ ಬಿಗಿ, ಎಲ್ಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತಿತ್ತು. ತಿರುವಿನಲ್ಲಿ ಅವಸರ ಮಾಡಿದರೆ ನಿಜವಾದ ಗಾಡಿಯ ಹಾಗೇ ಪಲ್ಟಿ. ಈ ಆಟದ ಹುಚ್ಚು ಹಿಡಿದವರದೇ ಒಂದು ವೆಬ್‌ಸೈಟ್ ಇತ್ತು. ಯಾವ್ಯಾವುದೋ ದೇಶದವರು ಅಲ್ಲಿ ಸೇರಿ ಜಗಳವಾಡುತ್ತಿದ್ದರು, ಸಲಹೆ ಕೊಡುತ್ತಿದ್ದರು, ಎರಡು ತಿಂಗಳಿಗೊಮ್ಮೆ ಸ್ಪರ್ಧೆ ನಡೆಸುತ್ತಿದ್ದರು. ವಿಷಯ ಕೊಡುವರು. ಅದಕ್ಕೆ ತಕ್ಕ ಕಾರನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಎಲ್ಲ ಕಡೆಯಿಂದಲೂ ಕಾಣುವಂತೆ ಆರು ಚಿತ್ರ ಹಾಕಬೇಕು. ಸದಸ್ಯರು ಓಟು ಹಾಕುವರು. ಗೆದ್ದ ಕಾರನ್ನು ಆಟದೊಳಗೆ ಸೇರಿಸುವರು, ಆಮೇಲೆ ಅದನ್ನು ಯಾರು ಬೇಕಾದರೂ ಓಡಿಸಬಹುದು. ಬಹುಮಾನ ಅಂದರೆ ಅಷ್ಟೇ.

ಯಾಸ್ಮೀನ್ ೨೦೦೪ರಿಂದ ಭಾಗವಹಿಸುತ್ತಿದ್ದಳು. ಅಲ್ಲಿ ಅವಳ ಹೆಸರು 'ಗುಬ್ಬಿಗೇಟ್'. ಅದು ಅವಳ ತಂದೆ ಸರ್ದಾರ್ ಪಾಷಾ ಟಿಂಕರಿಂಗ್ ಶೆಡ್ಡು ಇಟ್ಟುಕೊಂಡಿದ್ದ ವೃತ್ತದ ಹೆಸರು. ಗುದ್ದಿಸಿಕೊಂಡು ಬಂದ ಕಾರು, ಜೀಪು, ವ್ಯಾನುಗಳನ್ನು ಬಡಿದು ಮತ್ತೆ ನೆಟ್ಟಗೆ ಮಾಡುವುದು ಅವರ ಕಸುಬು. ಗುಬ್ಬಿಗೇಟ್ ಹುಡುಗಿ ಎಂದಾಗಲಿ, ತುಮಕೂರು ಎಂಬ ಊರಿದೆ ಎಂದಾಗಲಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಲ ಅವಳಿಗೆ ಹದಿನೇಳನೇ ಸ್ಥಾನ. ಆಮೇಲೆ ಹನ್ನೊಂದು, ಹನ್ನೆರಡು, ಒಂಬತ್ತು. ಪ್ರತಿ ಸಲವೂ ಫಲಿತಾಂಶ ಬಂದ ದಿನ ಮದುವೆ ಕಾರ್ಡುಗಳಲ್ಲಿ ತಪ್ಪು ನುಸುಳುತ್ತಿತ್ತು. ಒಮ್ಮೆ ವರನ ತಂದೆಯ ಹೆಸರಿನ ಜಾಗದಲ್ಲಿ ಛತ್ರದ ಹೆಸರು ಬಿದ್ದು, ಶಶಿರೇಖಾ ಇನ್ನೂರು ಕಾರ್ಡು ಮತ್ತೆ ಹೊಡೆಸಬೇಕಾಯಿತು. "ಏನೇ ಯಾಸ್ಮೀನ್, ಅಲ್ಲಿ ಯಾರೋ ನಿನ್ನ ಕಾರು ಚೆನ್ನಾಗಿಲ್ಲ ಅಂದ್ರೆ ಇಲ್ಲಿ ನನ್ನ ಗಿರಾಕಿ ಮದುವೆ ನಿಲ್ಬೇಕಾ?" ಎಂದರು. ಬೈದರೇ ಹೊರತು ಆಟ ಅಳಿಸಿಹಾಕಲಿಲ್ಲ.

೨೦೦೬ರ ಜುಲೈ ತಿಂಗಳ ವಿಷಯ 'ಎಲ್ಲರೂ ಸುಲಭವಾಗಿ ಹತ್ತಬಹುದಾದ ಸಣ್ಣ ಕಾರು'. ಅದನ್ನು ಓದಿದ್ದೇ ತಡ, ಯಾಸ್ಮೀನ್ ಕುರ್ಚಿಯಿಂದ ಎದ್ದಳು, ಅಂಗಡಿಯ ಹೊರಗೆ ಹೋದಳು, ಮತ್ತೆ ಬಂದಳು. ಅವಳಿಗೆ ಒಂದು ಡೋರು ನೆನಪಾಗಿತ್ತು.

ಅವಳು ಒಂಬತ್ತು ವರ್ಷದವಳಿದ್ದಾಗ, ೧೯೯೩ರಲ್ಲಿ, ಸಿ.ಎಸ್. ಪುರದ ಕಡೆಯ ಚಿಕ್ಕಬೀರಯ್ಯ ಎಂಬ ರೈತರು ಒಂದು ಹಳೇ ವ್ಯಾನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಅವರ ಹೆಂಡತಿ ಬಾವಿ ಮೆಟ್ಟಿಲಿಂದ ಬಿದ್ದು, ಸೊಂಟ ಕಬ್ಬಿಣದ ಹಾಗೆ ಬಿಗಿದುಹೋಗಿತ್ತು. ನಿಲ್ಲಬಲ್ಲರು, ಹೆಜ್ಜೆ ಇಡಬಲ್ಲರು, ಆದರೆ ಬಗ್ಗುವುದಕ್ಕೆ ಆಗದು. ತಲೆ ಬಗ್ಗಿಸದೆ ಯಾವ ಗಾಡಿಗೆ ತಾನೇ ಹತ್ತುವುದು? ಸರ್ದಾರ್ ಪಾಷಾ ಎರಡು ದಿನ ವ್ಯಾನಿನ ಸುತ್ತ ಬೀಡಿ ಸೇದುತ್ತ ತಿರುಗಿದರು. ಮೂರನೇ ದಿನ ಪಕ್ಕದ ಡೋರಿನ ಜೊತೆಗೆ ಅದರ ಮೇಲಿನ ಟಾಪನ್ನೂ, ಅಂದರೆ ಸೂರನ್ನೂ, ಒಂದು ಮೊಳದಷ್ಟು ಅಗಲಕ್ಕೆ ಕೊಯ್ದರು. ಕೊಯ್ದ ಟಾಪಿನ ತುಂಡನ್ನು ಡೋರಿಗೇ ಬೆಸೆದರು. ಡೋರು ತೆರೆದರೆ ಮೇಲಿನ ತುಂಡೂ ಅದರ ಜೊತೆ ಆಚೆ ಬರುತ್ತಿತ್ತು. ಒಳಗೆ ಹೋಗುವವರು ನಿಂತ ಹಾಗೇ ಹೋಗಿ, ಹಿಂದಕ್ಕೆ ವಾಲಿಸಿಟ್ಟ ಸೀಟಿಗೆ ಒರಗಿಕೊಳ್ಳಬಹುದು. ಮಳೆ ನೀರು ಇಳಿಯದಿರಲೆಂದು ಬಸ್ ಡೋರಿನ ರಬ್ಬರು ಕೂರಿಸುವಾಗ ಆ ರಬ್ಬರಿನ ತುದಿ ಹಿಡಿದು ನಿಂತಿದ್ದವಳು ಯಾಸ್ಮೀನ್.

ಹದಿನೆಂಟು ದಿನ ಕೂತು ಆ ಡೋರಿನ ಸುತ್ತ ಒಂದು ಕಾರು ಕಟ್ಟಿದಳು. ಮುಂದಿನ ಮೂತಿ ಅವಳದು, ಹಿಂದಿನ ಗಾಜು ಅವಳದು, ತಗ್ಗಿನ ನೆಲ ಅವಳದು. ಚಿತ್ರಗಳ ಕೆಳಗೆ 'ಪೂರ್ತಿ ನನ್ನ ಡಿಸೈನ್' ಎಂದು ಇಂಗ್ಲಿಷಿನಲ್ಲಿ ಬರೆದಳು. ಹಾಗೆಂದು ಅವಳು ನಿಜವಾಗಿಯೂ ನಂಬಿದ್ದಳು.

ಓಟಿಂಗ್ ಶುರುವಾದ ನಾಲ್ಕನೇ ದಿನಕ್ಕೆ ಗುಬ್ಬಿಗೇಟ್ ಎರಡನೇ ಸ್ಥಾನದಲ್ಲಿತ್ತು. ಯಾಸ್ಮೀನ್‌ಗೆ ಊಟ ಸೇರದು. ಒಂದು ಬಿಲ್ ಬುಕ್ಕಿನ ಸಾಲು ಟೈಪ್ ಮಾಡುವುದು, ಪೇಜು ಒಮ್ಮೆ ರಿಫ್ರೆಶ್ ಮಾಡುವುದು. ಮೂವತ್ತೊಂದು ಓಟು. ಮೂವತ್ತಮೂರು. ಐದನೇ ದಿನ ಬೆಳಗ್ಗೆ ಓಟಿನ ಬದಲು ಒಂದು ದೂರು ಬಂದಿತ್ತು.

'ಸ್ಲೈಡ್‌ರೂಲ್' ಎಂಬ ಹಳೇ ಸದಸ್ಯ ಹಾಕಿದ್ದು. ೧೯೯೮ರಲ್ಲಿ ಯುರೋಪಿನ ಒಂದು ಮೋಟಾರ್ ಪ್ರದರ್ಶನದಲ್ಲಿ ಇಂಥದೇ ಡೋರಿನ ಕಾರನ್ನು ತೋರಿಸಿದ್ದರಂತೆ. ಚಿತ್ರವನ್ನೂ ಹಾಕಿದ್ದ. ಗುಬ್ಬಿಗೇಟ್ ಅದನ್ನು ಕದ್ದಿದ್ದಾನೆ, ಅವನನ್ನು ತೆಗೆಯಿರಿ ಎಂದು ಬರೆದಿದ್ದ. ಸ್ಪರ್ಧೆ ನಡೆಸುವ 'ಓಲ್ಡ್‌ಕ್ಲಚ್' ಎಂಬ ಡಚ್ ಮುದುಕ ಒಳ್ಳೆಯವನು. ಅವನು ಕೆಳಗೆ ಎರಡೇ ಸಾಲು ಬರೆದಿದ್ದ: 'ಗುಬ್ಬಿಗೇಟ್, ಇದು ನಿನಗೆ ಎಲ್ಲಿಂದ ಬಂತು ಎಂದು ಭಾನುವಾರದೊಳಗೆ ತೋರಿಸು. ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ.'

ಯಾಸ್ಮೀನ್‌ಗೆ ಮೈಯೆಲ್ಲ ಉರಿದುಹೋಯಿತು. ಕಳ್ಳಿ ಎಂದು ಅವಳನ್ನು ಯಾರೂ ಯಾವತ್ತೂ ಅಂದಿರಲಿಲ್ಲ. ತೊಂಬತ್ತೆಂಟರ ಕಾರಂತೆ! ತನ್ನ ಅಬ್ಬಾ ಅದನ್ನು ಮಾಡಿದ್ದು ತೊಂಬತ್ತಮೂರರಲ್ಲಿ. ಮಧ್ಯಾಹ್ನವೇ ರಜೆ ಕೇಳಿ ಗುಬ್ಬಿಗೇಟಿಗೆ ಹೋದಳು.

ಸರ್ದಾರ್ ಪಾಷಾ ಒಂದು ಕಾರಿನ ಬಾನೆಟ್ಟಿನ ತಗ್ಗುಗಳಿಗೆ ಪುಟ್ಟಿ ಬಳಿದು ಉಜ್ಜುತ್ತಿದ್ದರು.

"ಅಬ್ಬಾ, ಸಿ.ಎಸ್. ಪುರದವರ ವ್ಯಾನು ಜ್ಞಾಪಕ ಇದೆಯಾ? ಟಾಪು ಕೊಯ್ದಿದ್ರಲ್ಲ. ಅದರ ಫೋಟೋ ಏನಾದ್ರೂ ಇದೆಯಾ?"

"ಮಾಡಿದ ಗಾಡಿಗೆಲ್ಲ ಫೋಟೋ ತೆಗೆದಿಡೋಕೆ ಅದೇನು ನಿಕಾಹ್ ಆಗಿತ್ತಾ?" ಅವರು ಕೈ ನಿಲ್ಲಿಸಲಿಲ್ಲ. "ಯಾಕೆ?"

"ಹಿಂಗೇ, ಅಂಗಡಿ ಕೆಲಸಕ್ಕೆ ಬೇಕಿತ್ತು."

ಅವರು ಮತ್ತೆ ಕೇಳಲಿಲ್ಲ. ಮಗಳ ಕಂಪ್ಯೂಟರ್ ಕೆಲಸ ಅವರಿಗೆ ಮದುವೆ ಕಾರ್ಡಿನ ಆಚೆಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ಶುಕ್ರವಾರ ಶಶಿರೇಖಾ ಪಾಸ್‌ಪೋರ್ಟ್ ಫೋಟೋ ತೆಗೆಯುವ ಡಿಜಿಟಲ್ ಕ್ಯಾಮೆರಾ ಕೊಟ್ಟರು. "ಬೀಳಿಸ್ಬೇಡ ಕಣೇ, ನಿನಗಿಂತ ನಾಜೂಕು ಅದು" ಎಂದರು. ಒಬ್ಬಳೇ ಹೋಗುವುದು ಬೇಡವೆಂದು ಮೆಹರ್ ಬಾನು ಬುರ್ಖಾ ಹಾಕಿಕೊಂಡು ಹೊರಟಳು. ಯಾಕೆ, ಏನು ಎಂದು ಗುಬ್ಬಿ ಬಸ್ ನಿಲ್ದಾಣದವರೆಗೂ ಕೇಳಿದಳು. ಸಿ.ಎಸ್. ಪುರದ ಬಸ್ಸು ಹತ್ತಿದ ಮೇಲೆ ಯಾಸ್ಮೀನ್ ಹೇಳಿದಳು. ಸ್ಪರ್ಧೆ, ಓಟು, ದೂರು, ಎಲ್ಲ.

"ಮುಖ ನೋಡದೇ ಇರೋರು ಕಳ್ಳಿ ಅಂದ್ರೆ ನಿನಗೇನೇ?" ಎಂದಳು ತಾಯಿ.

"ಅಮ್ಮಿ, ಮುಖ ನೋಡಿ ಅಂದಿದ್ರೆ ತಿರುಗಿಸಿ ಅನ್ಬೋದಿತ್ತು." ಯಾಸ್ಮೀನ್ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು.

ಚಿಕ್ಕಬೀರಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ಟಾಪು ತೆಗಿಯೋ ಗಾಡಿಯೋರ ಮನೆ' ಎಂದರೆ ಇವತ್ತಿಗೂ ಊರಿಗೆಲ್ಲ ಗೊತ್ತು. ಜಗಲಿಯ ಮೇಲೆ ಎತ್ತರದ ಕುರ್ಚಿಗೆ ಒರಗಿ ಒಬ್ಬ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರೇ ಲಕ್ಷ್ಮೀದೇವಮ್ಮ.

"ಪಾಷಾ ಸಾಬ್ರ ಮಗಳಾ? ರಬ್ಬರ್ ಹಿಡ್ಕೊಂಡ್ ನಿಂತಿದ್ದ ಮಗ ನೀನೇನಾ? ಬಾ ತಾಯಿ, ಕೂತ್ಕೊ. ಇವ್ರು ನಿಮ್ಮಮ್ಮಾರಾ? ಬನ್ನಿ."

ಚಿಕ್ಕಬೀರಯ್ಯ ಒಳಗಿಂದ ಎಳನೀರು ತಂದರು. ಯಾಸ್ಮೀನ್ ಬಂದ ಕಾರಣ ಹೇಳಿದಳು. ಕಂಪ್ಯೂಟರು, ಸ್ಪರ್ಧೆ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಗಾಡಿ ಎಂದ ಕೂಡಲೇ ಲಕ್ಷ್ಮೀದೇವಮ್ಮನ ಮುಖ ಅರಳಿತು.

"ಏಳು ವರ್ಷ ಓಡಾಡ್ದೆ ಕಣವ್ವ ಅದ್ರಲ್ಲಿ. ಅದಕ್ಕೂ ಮುಂಚೆ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ನಾಕು ಜನ ಮೂಟೆ ಎತ್ತಿದಂಗೆ ಎತ್ತೋರು. ಬೀದೀಲಿ ಎಲ್ರೂ ನೋಡೋರು. ನಾನೇನು ಎತ್ತಾಕೋ ಸಾಮಾನಾ, ಮನೇಲೇ ಇದ್ದು ಸಾಯ್ತೀನಿ ಬುಡಿ ಅಂದಿದ್ದೆ. ಆಮೇಲೆ ಅದು ಬಂತು. ಚೇಳೂರಲ್ಲಿ ನಮ್ಮಕ್ಕನ ಮನೆಗೆ ನಾನೇ ನಡ್ಕೊಂಡೋಗಿ ಹತ್ಕೊಂಡು, ನಾನೇ ಇಳ್ದೆ. ಬಾಕ್ಲಲ್ಲಿ ನಿಂತ್ಕೊಂಡು ಅಕ್ಕ ಅಂತ ಕೂಗ್ದೆ. ಅವ್ಳು ನನ್ನ ನೋಡಿ ಅತ್ತೇಬಿಟ್ಲು."

"ಅದಕ್ಕೂ ಮುಂಚೆ ಎಷ್ಟು ವರ್ಷ ಆಗಿತ್ತಮ್ಮ ಹೋಗಿ?" ಮೆಹರ್ ಬಾನು ಕೇಳಿದಳು.

"ನಾಕು ವರ್ಷ."

ಈಗ ಗಾಡಿ ಅವರ ಹತ್ತಿರ ಇರಲಿಲ್ಲ. ಎಂಜಿನ್ ಕೈಕೊಟ್ಟ ಮೇಲೆ ಕುಣಿಗಲ್‌ನಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ಕರಿಬಸವಯ್ಯನಿಗೆ ಕೊಟ್ಟಿದ್ದರು. ಫೋಟೋ ಒಂದಿತ್ತು, ಮಗಳ ಮದುವೆಯದು. ಅದರಲ್ಲಿ ಗಾಡಿಯ ಮುಂದೆ ಹದಿನಾಲ್ಕು ಜನ ನಿಂತು, ಒಂದು ಚಕ್ರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮಾರನೇ ದಿನ ಶನಿವಾರ ತಾಯಿ ಮಗಳು ಕುಣಿಗಲ್ ಬಸ್ಸು ಹತ್ತಿದರು. ಯಾಸ್ಮೀನ್‌ಗೆ ಬಸ್ಸು ಪ್ರತಿ ಸ್ಟಾಪಿನಲ್ಲಿ ಬೇಕೆಂದೇ ನಿಧಾನ ಮಾಡುತ್ತಿದೆ ಅನ್ನಿಸುತ್ತಿತ್ತು. ಗಾಡಿ ಗುಜರಿಗೆ ಹೋಗಿದ್ದರೆ? ಡೋರು ಕಳಚಿ ಬಿಸಾಕಿದ್ದರೆ? ಕ್ಯಾಮೆರಾದ ಸೆಲ್ಲು ಖಾಲಿಯಾಗಿದೆಯೇನೋ ಎಂದು ನಾಲ್ಕು ಸಲ ಆನ್ ಮಾಡಿ ನೋಡಿದಳು. ಐದನೇ ಸಲ ತಾಯಿ ಕ್ಯಾಮೆರಾ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಕರಿಬಸವಯ್ಯ ದಪ್ಪನೆಯ, ಸಿಡುಕಿನ ಮನುಷ್ಯ. ಅವತ್ತು ಎರಡು ಮದುವೆಗೆ ಶಾಮಿಯಾನ ಹೋಗಬೇಕಿತ್ತು. "ಅದು ಓಡಲ್ಲ ಕಣಮ್ಮ, ಐದು ವರ್ಷ ಆಯ್ತು ನಿಂತು. ನೋಡೋದಿದ್ರೆ ನೋಡಿ, ಹಿಂದ್ಗಡೆ ಐತೆ" ಎಂದು ಗೋಡೌನಿನ ಕಡೆ ಕೈ ತೋರಿಸಿದ.

ಅಲ್ಲಿತ್ತು. ಚಕ್ರಗಳ ಜಾಗದಲ್ಲಿ ಕಲ್ಲು. ಬಣ್ಣ ಹೋಗಿ ತುಕ್ಕು. ಒಳಗೆ ತುಂಬ ಕುರ್ಚಿಯ ದಿಂಬುಗಳು. ಯಾಸ್ಮೀನ್ ಹಿಡಿ ಎಳೆದಳು. ಗೊರಗೊರ ಎಂದಿತು, ಆದರೂ ತೆರೆದುಕೊಂಡಿತು, ಟಾಪಿನ ತುಂಡಿನ ಸಮೇತ. ಅವಳು ನಿಂತ ಹಾಗೇ ಒಳಗೆ ಹೆಜ್ಜೆ ಇಟ್ಟಳು. ತಲೆಗೆ ಏನೂ ತಾಗಲಿಲ್ಲ. ಹೊರಗೆ ಬಂದು ಮುಚ್ಚಿದಳು. ಮತ್ತೆ ತೆರೆದಳು. ಆಗ ಕಂಡಿತು.

ಟಾಪಿನ ತುಂಡಿನ ಹಿಂದಿನ ಒಳಮೂಲೆ ಚೌಕವಾಗಿರಲಿಲ್ಲ. ಅಬ್ಬಾ ಅದನ್ನು ಓರೆಯಾಗಿ ಕೊಯ್ದಿದ್ದರು. ಮುಂದಂಚಿನ ಕೀಲಿನ ಮೇಲೆ ಡೋರು ತಿರುಗುವಾಗ ಆ ಮೂಲೆ ಹಿಂದಿನ ಟಾಪಿಗೆ ಬೆರಳಗಲ ಬಿಟ್ಟು ಸವರಿಕೊಂಡು ಹೋಗುತ್ತಿತ್ತು. ಅವಳು ಕಂಪ್ಯೂಟರಿನಲ್ಲಿ ಕಟ್ಟಿದ ಕಾರಿನಲ್ಲಿ ಆ ಮೂಲೆ ನೀಟಾಗಿ ಚೌಕವಾಗಿತ್ತು. ಹಾಗಿದ್ದರೆ ಡೋರು ಎರಡು ಇಂಚು ತೆರೆದು ಹಿಂದಿನ ಟಾಪಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಮುಚ್ಚಿದ ಡೋರನ್ನೂ ಪೂರ್ತಿ ತೆರೆದ ಡೋರನ್ನೂ ಅವಳು ಬೇರೆ ಬೇರೆ ಚಿತ್ರದಲ್ಲಿ ತೋರಿಸಿದ್ದಳೇ ಹೊರತು, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೂವತ್ತಮೂರು ಜನ ಓಟು ಹಾಕಿದ್ದು ತೆರೆಯಲಾಗದ ಡೋರಿಗೆ.

ಅವಳು ಫೋಟೋ ತೆಗೆದಳು. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು, ಓರೆ ಮೂಲೆ, ನೀರು ಹರಿಯುವ ಅಂಚು. ಕರಿಬಸವಯ್ಯ ಗೊಣಗುತ್ತಲೇ ಗಾಡಿಯ ಆರ್.ಸಿ. ಪುಸ್ತಕ ಹುಡುಕಿ ಕೊಟ್ಟ. ಬಾಡಿ ಬದಲಾವಣೆ ಎಂದು ೧೯೯೩ರ ಸೀಲು ಬಿದ್ದ ಪುಟ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳು ಗೆದ್ದಿದ್ದಳು. ಗೆದ್ದವಳ ಹಾಗೆ ಮಾತ್ರ ಇರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯಾಚೆ ಸ್ಟಡ್ ಫಾರ್ಮಿನ ಗೋಡೆ ಹಿಂದಕ್ಕೆ ಸರಿಯುತ್ತಿದ್ದಾಗ ಮೆಹರ್ ಬಾನು ಕೇಳಿದಳು: "ಹಂಗಾದ್ರೆ ಈಗ ಪ್ರೈಜು ನಿಮ್ಮ ಅಬ್ಬಾಗೆ ಬರುತ್ತಾ?"

ವ್ಯಂಗ್ಯವೇನೂ ಇರಲಿಲ್ಲ ಆ ಪ್ರಶ್ನೆಯಲ್ಲಿ. ತಿಳಿದುಕೊಳ್ಳಲು ಕೇಳಿದ್ದಳು.

"ಅವರ ಹೆಸರು ಹಾಕಿಲ್ಲ ಅಮ್ಮಿ ನಾನು."

"ಯಾಕೆ?"

ಯಾಸ್ಮೀನ್ ಸೀಟಿನಿಂದ ಎದ್ದಳು. ಹಾಕಬಾರದೆಂದು ಬಿಟ್ಟಿದ್ದಲ್ಲ. ಹಾಕಬೇಕೆಂದು ಹೊಳೆದೇ ಇರಲಿಲ್ಲ. ಅಬ್ಬಾ ಮಾಡಿದ್ದೆಲ್ಲ ಮನೆಯ ಪಾತ್ರೆ ಪಡಗದ ಹಾಗೆ, ಬೇಕಾದಾಗ ತೆಗೆದುಕೊಳ್ಳುವುದು ಎಂದುಕೊಂಡಿದ್ದಳು. ಈಗ ಎರಡು ದಾರಿ ಇತ್ತು. ಫೋಟೋಗಳನ್ನು ಹಾಕಿ, 'ಇದು ನಮ್ಮೂರಿನಲ್ಲಿ ನಾನೇ ಮಾಡಿಸಿದ ಗಾಡಿ' ಎಂದರೆ ಯಾರೂ ಕೇಳುತ್ತಿರಲಿಲ್ಲ. ಸಾವಿರಾರು ಮೈಲಿ ದೂರದವರಿಗೆ ಸರ್ದಾರ್ ಪಾಷಾ ಯಾರೋ, ಗುಬ್ಬಿಗೇಟ್ ಯಾರೋ. ನಿಜ ಹೇಳಿದರೆ, ಸ್ಪರ್ಧೆಯ ಮೂರನೇ ನಿಯಮದ ಪ್ರಕಾರ ಬೇರೆಯವರ ಡಿಸೈನ್ ತಂದವರು ಹೊರಗೆ. ಬಸ್ಸು ತುಮಕೂರು ತಲುಪುವವರೆಗೂ ಅವಳು ಎದ್ದು ನಿಂತೇ ಇದ್ದಳು.

ಭಾನುವಾರ ಅಂಗಡಿಗೆ ರಜೆ. ಶಶಿರೇಖಾ ಮನೆಗೆ ಹೋಗಿ ಬೀಗದ ಕೈ ತಂದು, ಶಟರ್ ಅರ್ಧ ಎತ್ತಿ ಒಳಗೆ ಹೋದಳು. ಮೂರು ಸಲ ಬರೆದು ಮೂರು ಸಲವೂ ಅಳಿಸಿದಳು. ಕೊನೆಗೆ ಹಾಕಿದ್ದು ಚಿಕ್ಕದು. ಈ ಡೋರು ೧೯೯೩ರಲ್ಲಿ ಮಾಡಿದ್ದು, ದಾಖಲೆ ಇಲ್ಲಿದೆ. ಮಾಡಿದವರು ನನ್ನ ತಂದೆ ಸರ್ದಾರ್ ಪಾಷಾ, ಶೀಟ್ ಮೆಟಲ್ ಕೆಲಸದವರು. ನಾನು ಅವರ ಮಗಳು. ನನ್ನ ಡಿಸೈನ್ ಎಂದು ಬರೆದದ್ದು ತಪ್ಪು. ಇನ್ನೊಂದು ವಿಷಯ, ನನ್ನ ಚಿತ್ರದಲ್ಲಿರುವ ಡೋರು ತೆರೆಯುವುದಿಲ್ಲ. ಅವರದ್ದು ತೆರೆಯುತ್ತದೆ. ಕಾರಣ ಐದನೇ ಫೋಟೋದಲ್ಲಿದೆ.

ಕಳಿಸಿ, ಉತ್ತರಕ್ಕೆ ಕಾಯಲು ಧೈರ್ಯ ಸಾಲದೆ ಶಟರ್ ಎಳೆದು ಮನೆಗೆ ಓಡಿದಳು.

ಸೋಮವಾರ ಬೆಳಗ್ಗೆ ಗುಬ್ಬಿಗೇಟ್ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಓಲ್ಡ್‌ಕ್ಲಚ್ ನಿಯಮದಂತೆ ತೆಗೆದಿದ್ದ. ಸ್ಲೈಡ್‌ರೂಲ್ 'ಕ್ಷಮಿಸು' ಎಂಬ ಒಂದೇ ಪದ ಬರೆದಿದ್ದ. ಅವಳು ಬಯಸಿದ್ದು ಇದಲ್ಲ. ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಎರಡನೇ ಸ್ಥಾನ ಕೈಗೆ ಸಿಕ್ಕಿ ಜಾರಿತ್ತು. ಆದರೆ ಅವಳು ಹಾಕಿದ ಫೋಟೋಗಳ ಕೆಳಗೆ ಸದಸ್ಯರ ಪ್ರಶ್ನೆಗಳ ಸಾಲು ಬೆಳೆಯುತ್ತಿತ್ತು. ಕೀಲು ಯಾವುದು? ಅಷ್ಟು ಭಾರಕ್ಕೆ ಡೋರು ಜೋತು ಬೀಳಲಿಲ್ಲವೇ? ಟಾಪು ಕೊಯ್ದ ಮೇಲೆ ಗಾಡಿಯ ಬಲ ಎಲ್ಲಿಂದ? ಒಂದಕ್ಕೂ ಅವಳಿಗೆ ಉತ್ತರ ಗೊತ್ತಿರಲಿಲ್ಲ.

ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಸರ್ದಾರ್ ಪಾಷಾ ಬಿಳಿ ಜುಬ್ಬಾದಲ್ಲೇ ಅಂಗಡಿಗೆ ಬಂದರು. ಹೆಂಡತಿ ಎಲ್ಲ ಹೇಳಿ ಕಳಿಸಿದ್ದಳು. ಯಾಸ್ಮೀನ್ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಅವರು ಸ್ಕ್ರೀನಿಗೆ ಮುಖ ಹತ್ತಿರ ತಂದು ತಮ್ಮ ಗಾಡಿಯನ್ನು ಹದಿಮೂರು ವರ್ಷದ ಮೇಲೆ ನೋಡಿದರು.

"ಕಲ್ಲಿನ ಮೇಲೆ ನಿಲ್ಲಿಸಿದಾನಾ? ಮಳೇಲಿ?"

"ಹೂಂ ಅಬ್ಬಾ."

"ನೀರು ಒಳಗೆ ಇಳಿದಿತ್ತಾ?"

"ಇಲ್ಲ. ದಿಂಬೆಲ್ಲ ಒಣಗಿತ್ತು."

ಅವರು ತಲೆ ಆಡಿಸಿ ಸ್ಟೂಲ್ ಎಳೆದುಕೊಂಡರು. ಪ್ರಶ್ನೆಗಳನ್ನು ಅವಳು ಓದಿ ಹೇಳಿದಳು, ಅವರು ಉತ್ತರ ಹೇಳಿದರು, ಅವಳು ಟೈಪ್ ಮಾಡಿದಳು. ಕೀಲು ಲಾರಿಯ ಹಿಂಬಾಗಿಲಿನದು. ಡೋರಿನ ಕೆಳಗೆ ಒಂದು ಸಣ್ಣ ರೋಲರ್ ಇದೆ, ಭಾರ ಅದರ ಮೇಲೆ. ಬಲಕ್ಕೆ ಟಾಪಿನ ಒಳಗೆ ಮೂರು ಪೈಪು. ಓಲ್ಡ್‌ಕ್ಲಚ್ ಆಗಲೇ ವೆಬ್‌ಸೈಟಿನಲ್ಲಿದ್ದ, ರೋಲರ್ ಬೇಕಿರಲಿಲ್ಲ ಎಂದು ವಾದಕ್ಕೆ ಬಂದ. "ಅವನಿಗೆ ಹೇಳು, ನಮ್ಮ ಸಿ.ಎಸ್. ಪುರದ ರೋಡಲ್ಲಿ ಒಂದು ದಿನ ಓಡಿಸಿ ಆಮೇಲೆ ಬೇಡ ಅನ್ಲಿ" ಎಂದರು ಪಾಷಾ. ಅವಳು ಹಾಗೇ ಅನುವಾದಿಸಿದಳು. ಅತ್ತ ಕಡೆಯಿಂದ ಬಾಯಗಲಿಸಿ ನಗುವ ಹಳದಿ ಮುಖ ಬಂತು. ಶಶಿರೇಖಾ ಟೀ ತರಿಸಿದರು.

ಹೊರಡುವ ಮೊದಲು ಪಾಷಾ ಅವಳ ಕಾರಿನ ಚಿತ್ರದ ಮೇಲೆ ಬೆರಳಿಟ್ಟರು. "ಈ ಮೂತಿ ಯಾರದು?"

"ನಂದು."

"ಚೆನ್ನಾಗಿದೆ. ಆದ್ರೆ ಇಲ್ಲಿ ಲೈಟ್ ಒಡೆದ್ರೆ ಬಂಪರ್ ಪೂರಾ ಬಿಚ್ಚಬೇಕಾಗುತ್ತೆ. ಬಿಚ್ಚೋನು ನಿನ್ನ ಬೈಕೋತಾನೆ."

ಅವಳಿಗೆ ಸಿಟ್ಟು ಬಂತು. ಅವರು ಆಚೆ ಹೋದ ಕೂಡಲೇ ಕೂತು ಆ ಲೈಟನ್ನು ಕಳಚಿ ಬೇರೆ ಮಾಡಿದಳು.

ಅಲ್ಲಿಂದ ಅವಳ ಹಾದಿ ಸ್ವಲ್ಪ ತಿರುಗಿತು. ಶುಕ್ರವಾರ ಮಧ್ಯಾಹ್ನಗಳಲ್ಲಿ ಶೆಡ್ಡಿಗೆ ಹೋಗಿ, ಬಿಚ್ಚಿಟ್ಟ ಡೋರು, ಬಂಪರುಗಳ ಒಳಮೈ ನೋಡುತ್ತ ಕೂರುವಳು. ಕೂರುವಳು ಅಂದರೆ ಸುತ್ತುವಳು. ಎರಡು ವರ್ಷದಲ್ಲಿ ಏಳು ಸ್ಪರ್ಧೆಗೆ ಕಾರು ಕಳಿಸಿದಳು. ಸಿಕ್ಕ ಸ್ಥಾನ ಆರು, ನಾಲ್ಕು, ಹತ್ತು, ಮತ್ತೆ ನಾಲ್ಕು, ಹೀಗೇ. ಅವಳ ಚಿತ್ರಗಳಲ್ಲಿ ಈಗ ತೆರೆದ ಡೋರು ಮಾತ್ರವಲ್ಲ, ತೆರೆಯುತ್ತಿರುವ ಡೋರೂ ಇರುತ್ತಿತ್ತು. ಅದನ್ನು ನೋಡಿ ಕೆಲವರಿಗೆ ಬೇಸರ, ಕೆಲವರಿಗೆ ಮೆಚ್ಚುಗೆ. ೨೦೦೮ರಲ್ಲಿ ಅಂತರಸನಹಳ್ಳಿಯ ಬಸ್ಸು, ವ್ಯಾನುಗಳ ಬಾಡಿ ಕಟ್ಟುವ ಒಂದು ಘಟಕದವರು ಡ್ರಾಯಿಂಗ್ ಬಲ್ಲವರು ಬೇಕೆಂದು ಶಶಿರೇಖಾ ಅಂಗಡಿಯಲ್ಲೇ ಪೋಸ್ಟರ್ ಮಾಡಿಸಲು ಬಂದರು. ಪೋಸ್ಟರ್ ಮುಗಿಸಿ ಕೊಡುವಾಗ ಯಾಸ್ಮೀನ್ ತನ್ನ ಕಾರುಗಳ ಪ್ರಿಂಟು ತೆಗೆದು ಅವರ ಮುಂದಿಟ್ಟಳು. ಡಿಪ್ಲೊಮಾ ಇಲ್ಲ ಎಂದು ಮಾಲೀಕ ಬೆಟ್ಟಸ್ವಾಮಿ ಹಿಂದೆ ಮುಂದೆ ನೋಡಿದ. ಮೂರು ತಿಂಗಳು ನೋಡೋಣ ಎಂದ. ಆಮೇಲೆ ಆ ಮಾತು ಎತ್ತಲಿಲ್ಲ.

೨೦೦೯ರ ಫೆಬ್ರವರಿಯಲ್ಲಿ ಒಂದು ದಿನ, ಘಟಕದಲ್ಲಿ ಊಟದ ಹೊತ್ತಿನಲ್ಲಿ ಫಲಿತಾಂಶ ನೋಡಿದಳು. ವಿಷಯ ಸ್ಕೂಲ್ ವ್ಯಾನು. ಗುಬ್ಬಿಗೇಟ್ ಮೊದಲನೇ ಸ್ಥಾನ, ಐವತ್ತೆರಡು ಓಟು. ಸುತ್ತ ವೆಲ್ಡಿಂಗ್ ಸದ್ದು. ಹೇಳೋಣವೆಂದರೆ ಯಾರಿಗೆ, ಏನೆಂದು ಹೇಳುವುದು? ಎದ್ದು ಅಂಗಳದವರೆಗೆ ಹೋದಳು, ಶೆಡ್ಡಿಗೆ ಫೋನ್ ಮಾಡಿದಳು. ಅಬ್ಬಾ ಯಾರದೋ ಬಾನೆಟ್ ಬಡಿಯುತ್ತಿದ್ದರು, ಸರಿಯಾಗಿ ಕೇಳಿಸಲಿಲ್ಲ, "ಆಮೇಲೆ ಮಾಡು" ಎಂದು ಇಟ್ಟರು. ಅವಳು ವಾಪಸ್ ಬಂದು ಗೆದ್ದ ವ್ಯಾನಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಹಿಂದಿನ ಗಾಜು ಸ್ವಲ್ಪ ಎತ್ತರವಾಯಿತು. ಒಳಗೆ ಕೂತ ಪುಟ್ಟ ಮಗುವಿಗೆ ಹೊರಗೆ ಏನೂ ಕಾಣುವುದಿಲ್ಲ. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಗಾಜನ್ನು ಎರಡು ಇಂಚು ಕೆಳಗಿಳಿಸಲು ಶುರುಮಾಡಿದಳು.